ಬಾರದಾನ ಕಳೆದ ತೂಕ

ನಮ್ಮ ಮನೆಯ ತೂಕದ ಯಂತ್ರಕ್ಕೆ ನನ್ನ ಮೇಲೇನೋ ಹಗೆ. ಉಪ್ಪಿಟ್ಟು ತಿನ್ನುವ ಮುಂಚೆ ಎಪ್ಪತ್ತೆರಡು ಎನ್ನುತ್ತದೆ, ತಿಂದ ಮೇಲೆ ಎಪ್ಪತ್ತನಾಲ್ಕು. ಅಷ್ಟು ಉಪ್ಪಿಟ್ಟನ್ನು ಈ ಮನೆಯಲ್ಲಿ ಯಾರೂ ನನಗೆ ಬಡಿಸಿದ್ದಿಲ್ಲ. ಇಂಡಿ ಊರಿನ ಲಿಂಬೆಹಣ್ಣಿನ ಪೇಟೆಯಲ್ಲಿ ನಲವತ್ತು ವರ್ಷ ತೂಗಿದವನಿಗೆ ಮುಪ್ಪಿನಲ್ಲಿ ಇಂಥ ಅಪ್ರಾಮಾಣಿಕ ಉಪಕರಣದ ಸಹವಾಸ ಪ್ರಾಪ್ತವಾಯಿತಲ್ಲ! ಅದನ್ನು ತಂದದ್ದು ನನಗಲ್ಲ, ನನ್ನ ಹೆಂಡತಿ ಗೌರವ್ವನಿಗೆ.

ಅವಳ ಎದೆಯಲ್ಲಿ ಕ್ಯಾನ್ಸರ್ ಗಂಟು ಕಂಡಾಗ ವಿಜಯಪುರದ ಡಾಕ್ಟರಬಾಯಿ ಎರಡು ದಾರಿ ಹೇಳಿದರು: ಸಲೈನಿನಲ್ಲಿ ಏರಿಸುವ ಉಗ್ರ ಔಷಧಿ, ಇಲ್ಲವೇ ಮನೆಯಲ್ಲೇ ನುಂಗುವ ಸೌಮ್ಯ ಗುಳಿಗೆ. "ಅಜ್ಜಿ ಭಾಳ ಸೊರಗ್ಯಾರ. ನಲವತ್ತು ಕಿಲೋನರ ಆಗ್ಲಿ, ಆಮ್ಯಾಲ ದೊಡ್ಡ ಔಷಧದ ಮಾತು." ಗೌರವ್ವನೋ, ಬರೀ ಮೂವತ್ತೇಳು. ಉಗ್ರವಾದದ್ದೇ ಉತ್ತಮವೆಂಬುದು ನನ್ನ ಸಿದ್ಧಾಂತ. ಸಿದ್ಧಾಂತವೆಂದರೆ, ಅವಳಿಲ್ಲದ ಮನೆ ನೆನೆದರೇ ನನಗೆ ಕೈಕಾಲು ಆಡುತ್ತಿರಲಿಲ್ಲ. ಗೌರವ್ವನನ್ನು ಮಾತ್ರ ನಾನು ಕೇಳಿರಲಿಲ್ಲ.

ತಿಂಗಳುಗಟ್ಟಲೆ ತುಪ್ಪ, ಶೇಂಗಾ ಹೋಳಿಗೆ ತಿನ್ನಿಸಿದರೂ ಮುಳ್ಳು ಕದಲಲಿಲ್ಲ. ಚೀಲಕ್ಕೆ ನೀರು ಚಿಮುಕಿಸಿ ತೂಕ ಏರಿಸುವ ವಿದ್ಯೆಯನ್ನು ಪೇಟೆಯಲ್ಲಿ ಆಜನ್ಮ ಬೈದ ನಾನು, ಕೊನೆಗೆ ಅದನ್ನೇ ಅರ್ಧಾಂಗಿಯ ಮೇಲೆ ಪ್ರಯೋಗಿಸಿದೆ. ಮುತ್ತೈದೆ ಬೋಳಾಗಿ ಹೋಗಬಾರದೆಂದು ಸೊಂಟಕ್ಕೆ ಬೆಳ್ಳಿ ಡಾಬು, ಕಾಲಿಗೆ ಕಡಗ, ಥಂಡಿಯ ನೆಪದಲ್ಲಿ ಉಣ್ಣೆಯ ಶಾಲು, ಬಸ್ಸಿಳಿದೊಡನೆ ಒಂದು ತಂಬಿಗೆ ಮಜ್ಜಿಗೆ. ಅವಳು ಏನೂ ಕೇಳದೆ ತೊಟ್ಟಳು, ಕುಡಿದಳು. ದವಾಖಾನೆಯ ಯಂತ್ರ ನಲವತ್ತೂವರೆ ಎಂದಿತು. ನಾನು ಕುಣಿಯುವುದೊಂದೇ ಬಾಕಿ.

"ಯವ್ವಾ, ಬರಕೋಬ್ಯಾಡ. ಇನ್ನೂ ಬಾರದಾನ ಕಳದಿಲ್ಲ," ಎಂದಳು ಗೌರವ್ವ, ಡಾಕ್ಟರಬಾಯಿಗೆ.

ಖಾಲಿ ಚೀಲದ ತೂಕಕ್ಕೆ ಪೇಟೆಯಲ್ಲಿ ಬಾರದಾನ ಎನ್ನುತ್ತಾರೆ, ಓದುಗರೇ. ಅದನ್ನು ಕಳೆದ ಮೇಲೆಯೇ ಮಾಲಿನ ತೂಕ. ಡಾಬು, ಕಡಗ, ಶಾಲು ಒಂದೊಂದಾಗಿ ಮೇಜಿನ ಮೇಲೆ ಬಂದವು. ಯಂತ್ರ ಮೂವತ್ತೆಂಟಕ್ಕೆ ಇಳಿಯಿತು. "ಇದರಾಗ ಒಂದ ಕಿಲೋ ಮಜ್ಜಿಗಿ ಐತಿ, ಅದನ್ನ ತಗದ ಇಡಾಕ ಬರೂದಿಲ್ಲ!" ಎಂದು ಸೇರಿಸಿದಳು.

ಡಾಕ್ಟರಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾರ, ತೂಕ ನೋಡೇ ಔಷಧ ಅಳೀತೇವ್ರಿ. ಈ ಸುಳ್ಳು ತೂಕಕ್ಕ ಕೊಟ್ಟಿದ್ರ ಅಜ್ಜಿ ತಡಕೋತಿದ್ದಿಲ್ಲ," ಎಂದರು. ಉಳಿಸುವ ಆತುರದಲ್ಲಿ ನಾನೇ ಅವಳನ್ನು ಕಳೆದುಕೊಳ್ಳುತ್ತಿದ್ದೆ.

"ನನಗ ಗುಳಿಗಿ ಸಾಕವ್ವಾ. ಎಷ್ಟ ದಿನ ಇರ್ತೇನೊ ಅಷ್ಟ ದಿನ ನನ್ನ ಮನ್ಯಾಗ ಇವರನ್ನ ಬೈಕೋತ ಇರ್ತೇನಿ," ಎಂದು ಗೌರವ್ವ ತೀರ್ಪು ಕೊಟ್ಟಳು. ಇಂಡಿ ಬರುವವರೆಗೂ ಬಸ್ಸಿನಲ್ಲಿ ನಾವಿಬ್ಬರೂ ಹುಚ್ಚರಂತೆ ನಗುತ್ತಿದ್ದೆವು. ಡಾಬು ನನ್ನ ತೊಡೆಯ ಮೇಲಿತ್ತು.

ಈಗ ಅವಳು ಬೆಳಿಗ್ಗೆ ಗುಳಿಗೆ ನುಂಗುತ್ತಾಳೆ, ಯಂತ್ರದ ಮೇಲೆ ನಿಲ್ಲುವವನು ನಾನೊಬ್ಬನೇ. ನಿನ್ನೆ ನಿಂತಾಗ ಹಿಂದಿನಿಂದ ಬಂದು, ಅಂಕಿ ನೋಡಲೆಂದು ನನ್ನ ಭುಜದ ಮೇಲೆ ಭಾರ ಬಿಟ್ಟು ಬಗ್ಗಿದಳು. ಮುಳ್ಳು ಎರಡು ಕಿಲೋ ಮುಂದೆ ಹೋಯಿತು. ಅದನ್ನು ನಾನು ಕಳೆಯಲಿಲ್ಲ.