ಸೇತುವೆಯ ಕೆಳಗಿನ ಬೇಸ್ ದನಿ

ದೆವ್ವ, ದರ್ಶನ, ಅದ್ಭುತ, ಇವು ಯಾವುದನ್ನೂ ನಾನು ನಂಬಿದವಳಲ್ಲ. ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳೂ ಹೌದು. ಆದರೂ ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಎದ್ದು ನಿಂತು, "ನಿನ್ನೆ ನನಗೊಂದು ಸ್ವರ ಕೇಳಿಸಿತು" ಎಂದು ಸಾಕ್ಷಿ ಹೇಳಲು ಶುರುಮಾಡಿದರೆ ನಾನು ಚಪ್ಪಲಿ ಹುಡುಕುತ್ತಿದ್ದೆ. ಸ್ವರ ಕೇಳಿಸಿದರೆ ಕಿವಿಯ ಡಾಕ್ಟರ ಹತ್ತಿರ ಹೋಗಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಈಗಲೂ ಹೆಚ್ಚುಕಡಿಮೆ ಅದೇ. ಹಾಗಿರುವಾಗ ಈ ಸಂಗತಿಯನ್ನು ಬರೆಯಲು ನನಗೇ ಮುಜುಗರ. ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾವು ಬೆಟಗೇರಿ ಕಡೆಯವರು. ಅಪ್ಪ ಅಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಅಣ್ಣ ಆನಂದನಿಗೆ ಠಾಣೆ ಪಟ್ಟಣದ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಮನೆಮಂದಿಯೆಲ್ಲ ಡೊಂಬಿವಲಿಗೆ ಬಂದೆವು. ನನಗೆ ಬೇಲಾಪುರದ ಕಚೇರಿಯೊಂದರಲ್ಲಿ ಸ್ಟೆನೋ ಕೆಲಸವಾಯಿತು. ಅಪ್ಪ ಇಲ್ಲಿಯೇ ತೀರಿಕೊಂಡರು. ಅದಾದ ಸ್ವಲ್ಪ ಕಾಲಕ್ಕೆ ಆನಂದನ ಕಾರ್ಖಾನೆ ಬಾಗಿಲು ಹಾಕಿತು. ಅವನು ಮಾತು ಕಡಿಮೆ ಮಾಡಿದ, ಆಮೇಲೆ ಪೂರಾ ನಿಲ್ಲಿಸಿದ. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಲ್ಲದ ಕೆಲಸಕ್ಕೆ ಡಬ್ಬಿ ಹಿಡಿದುಕೊಂಡು ಹೋದವನು ತಿರುಗಿ ಬರಲಿಲ್ಲ. ಕಲ್ಯಾಣ್ ಸ್ಟೇಷನ್ನಿನಲ್ಲಿ ಕಂಡಿದ್ದೆ ಎಂದು ನೆರೆಯವರೊಬ್ಬರು ಹೇಳಿದರು. ನಮಗೆ ಸಿಕ್ಕಿದ ಸುದ್ದಿ ಅಷ್ಟೇ. ಪೊಲೀಸ್ ಠಾಣೆ, ಆಸ್ಪತ್ರೆ, ಶವಾಗಾರ ಎಲ್ಲ ಸುತ್ತಿದೆ. ಇದೆಲ್ಲ ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ.

ವರ್ಷಗಳು ಹೋದಂತೆ ಅವನು ಸತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಅವ್ವ ಒಪ್ಪಲಿಲ್ಲ. ಅವಳ ಮೊಣಕಾಲು ಹೋಗಿದ್ದವು, ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ. ಕಲ್ಯಾಣ್ ಸ್ಟೇಷನ್ ಹತ್ತಿರದ ಸೇತುವೆಯ ಕೆಳಗೆ ಮಲಗುವವರಿಗೆ ಚರ್ಚಿನ ಕೆಲವರು ಶನಿವಾರ ಸಂಜೆ ಊಟ ಕೊಡುತ್ತಾರೆ ಎಂಬ ಸುದ್ದಿ ಅವಳ ಕಿವಿಗೆ ಬಿದ್ದದ್ದೇ ತಡ, ನನ್ನನ್ನು ಅಲ್ಲಿಗೆ ಅಟ್ಟಿದಳು.

"ನೀ ದೇವರ ಸೇವಾ ಮಾಡು ಅಂತ ನಾ ಹೇಳಂಗಿಲ್ಲ," ಎಂದಳು. "ಅಲ್ಲಿ ಮಲಗಿದವರ ಮಾರಿ ನೋಡಿ ಬಾ, ಅಷ್ಟ ಸಾಕು."

ಹಾಗೆ ಹೋದವಳು ನಾನು. ಪ್ರೀತಿಯಿಂದಲ್ಲ, ಭಕ್ತಿಯಿಂದ ಮೊದಲೇ ಅಲ್ಲ. ತಂಡದ ಮುಖ್ಯಸ್ಥ ಸಂಜಯ ಎಂಬ ಮರಾಠಿ ಕ್ರೈಸ್ತ. ಉಲ್ಹಾಸನಗರದಲ್ಲಿ ಜಿಪ್ಪು, ಗುಂಡಿ ಮಾರುವ ಅಂಗಡಿ ಇಟ್ಟುಕೊಂಡಿದ್ದ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲರಿಗೂ ಬೈಬಲಿನ ವಚನ ಬರೆದ ಹಳದಿ ಟೀ ಶರ್ಟು ಹೊಲಿಸಿದ್ದ, ಪ್ರಾರ್ಥನೆ ಮಾಡಿದರೆ ಕಣ್ಣೀರು ಸುರಿಸುತ್ತಿದ್ದ, ಹೆಗಲ ಮೇಲೆ ಸದಾ ಗಿಟಾರ್. ಟೀ ಶರ್ಟನ್ನು ನಾನು ಒಂದು ದಿನವೂ ತೊಡಲಿಲ್ಲ. ಇನ್ನೂ ಸಿಟ್ಟು ಬರಿಸುತ್ತಿದ್ದದ್ದು ಅವನ ಪದ್ಧತಿ. ಮೊದಲು ಒಂದು ಹಾಡು, ಆಮೇಲೆ ಊಟ. ಅದೂ ವಾರಕ್ಕೊಬ್ಬರಂತೆ ತಮ್ಮ ತಮ್ಮ ಭಾಷೆಯಲ್ಲಿ, ತಮ್ಮ ಮನೆಯಲ್ಲಿ ಹಾಡುತ್ತಿದ್ದ ಹಾಡನ್ನೇ ಹಾಡಬೇಕು. ಹಸಿದವನ ಮುಂದೆ ಪೊಟ್ಟಣ ಇಟ್ಟುಕೊಂಡು ಹಾಡು ಕೇಳು ಎನ್ನುವುದು ಯಾವ ಧರ್ಮ ಎಂದು ಒಮ್ಮೆ ಮುಖಕ್ಕೇ ಕೇಳಿದ್ದೆ.

"ಬೆಹನ್‌ಜೀ, ಖಿಚಡಿ ತೋ ಕೋಯೀ ಭೀ ದೇಗಾ. ಅಪ್ನೀ ಬೋಲೀ ಕೌನ್ ದೇಗಾ?" ಎಂದ. ಖಿಚಡಿ ಯಾರಾದರೂ ಕೊಟ್ಟಾರು, ಅವರವರ ಮಾತನ್ನು ಯಾರು ಕೊಡುತ್ತಾರೆ ಎಂದು ಅವನ ವಾದ. ಎಲ್ಲೆಲ್ಲಿಂದಲೋ ಬಂದು ಬಿದ್ದವರು ಇಲ್ಲಿದ್ದಾರೆ, ಯಾರಾದರೂ ಒಬ್ಬರಿಗೆ ತನ್ನ ಮನೆ ನೆನಪಾದರೆ ಸಾಕಂತೆ. ನನಗೆ ಅದೆಲ್ಲ ಬೊಗಳೆಯಾಗಿ ಕಂಡಿತು. ನನ್ನ ಸರದಿ ಬಂದಾಗಲೆಲ್ಲ ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡೆ.

ಸೇತುವೆಯ ಕೆಳಗಿನವರೂ ನಮ್ಮನ್ನೇನು ಆರತಿ ಎತ್ತಿ ಕರೆಯುತ್ತಿರಲಿಲ್ಲ. ಹರಿದ ಖಾಕಿ ಸ್ವೆಟರಿನ ಮುದುಕನೊಬ್ಬನಿದ್ದ. ಎಲ್ಲರೂ ಅವನನ್ನು ಮಿಲಿಟರಿ ಎನ್ನುತ್ತಿದ್ದರು. ನಮ್ಮ ಹಳದಿ ಬಣ್ಣ ಕಂಡೊಡನೆ, "ಆ ಗಯೇ ರೋನೇವಾಲೇ!" ಎಂದು ಕೂಗುತ್ತಿದ್ದ. ಬಂದರಪ್ಪ ಅಳುಬುರುಕರು ಎಂದು. ಊಟ ಮಾತ್ರ ಬಿಡುತ್ತಿರಲಿಲ್ಲ, ಬೈಯುತ್ತಲೇ ಇಸಿದುಕೊಳ್ಳುತ್ತಿದ್ದ. ಆ ಜಾಗದಲ್ಲಿ ನನಗೆ ಹಿಡಿಸಿದ ಮನುಷ್ಯ ಅವನೊಬ್ಬನೇ.

ಹೀಗೇ ಒಂದೆರಡು ವರ್ಷ ನಡೆಯಿತು. ಪ್ರತಿ ಶನಿವಾರ ನಾನು ಮನೆಗೆ ಬಂದಾಗ ಅವ್ವ ಏನೂ ಕೇಳುತ್ತಿರಲಿಲ್ಲ, ಬಾಗಿಲಲ್ಲಿ ನನ್ನ ಮುಖ ನೋಡಿ ಒಳಗೆ ಹೋಗುತ್ತಿದ್ದಳು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಕೊನೆಗೆ ನಾನೇ ನಮ್ಮ ಕನ್ನಡ ಸಭೆಯ ಪಾದ್ರಿ ಅಯ್ಯನವರ ಹತ್ತಿರ ಮಾತಾಡಿ, ಆನಂದನ ಹೆಸರಿನಲ್ಲಿ ಸ್ಮರಣೆಯ ಆರಾಧನೆ ಗೊತ್ತುಮಾಡಿದೆ. ಸತ್ತವರಿಗೆ ಮಾಡುವ ಆರಾಧನೆ ಅದು. ಫೋಟೋಕ್ಕೆ ಚೌಕಟ್ಟು ಹಾಕಿಸಿದೆ, ಹೂವಿಗೆ ಹೇಳಿದೆ. ಮನೆಯಲ್ಲಿ ದೊಡ್ಡ ಜಗಳವಾಯಿತು.

"ನಿನಗ ಅವ ಸಾಯಬೇಕಾಗೇದ," ಎಂದಳು ಅವ್ವ.

"ಹೌದು, ಸಾಯಬೇಕಾಗೇದ," ಎಂದೆ ನಾನು. "ಅವ ಸತ್ತರ ನಾವಿಬ್ಬರಾದರೂ ಬದುಕತೇವಿ."

ಅವಳು ಆ ಇಡೀ ದಿನ ಉಣ್ಣಲಿಲ್ಲ. ಮರುದಿನ ತಾನಾಗಿಯೇ ಬಂದು, "ಮಾಡು. ಆದರ ಅದಕ್ಕ ಮೊದಲ ಒಂದ ಸಲ ಹೋಗಿ ನೋಡಿ ಬಾ. ಕಡೀ ಸಲ," ಎಂದಳು. ಆರಾಧನೆ ಭಾನುವಾರಕ್ಕಿತ್ತು. ಶನಿವಾರ ಸಂಜೆ ನಾನು ಕಲ್ಯಾಣಿಗೆ ಹೋದೆ.

ಅವತ್ತು ಮೊದಲಿನಿಂದಲೂ ಎಲ್ಲ ಎಡವಟ್ಟು. ಗಾಡಿಗಳು ಆಗಷ್ಟೇ ಬಂದು ಸೇತುವೆಯ ಸುತ್ತ ಕಚೇರಿ ಬಿಟ್ಟ ಜನ ಗಿಜಿಗುಡುತ್ತಿತ್ತು. ಚೀಲ ಹೆಗಲಿಗೇರಿಸಿದ ಒಬ್ಬಾತ ನಿಂತು, "ಕಾಯ್, ಧರ್ಮ ಬದಲಾಯಲಾ ಆಲಾತ್ ಕಾ?" ಎಂದು ಜೋರು ಮಾಡಿದ. ಜಾತಿ ಕೆಡಿಸಲು ಬಂದಿದ್ದೀರಾ ಎನ್ನುವ ಧಾಟಿ. ನಾಲ್ಕು ಜನ ಸೇರಿದರು, ಒಬ್ಬ ಫೋನಿನಲ್ಲಿ ಚಿತ್ರ ತೆಗೆಯತೊಡಗಿದ. ಪೊಲೀಸಿನವನೊಬ್ಬ ಬಂದು ಲಾಠಿ ಕುಟ್ಟಿ, ಬೇಗ ಮುಗಿಸಿ ಹೊರಡಿ ಎಂದ. ಸಂಜಯನಿಗೆ ನೆಗಡಿಯಾಗಿ ದನಿಯೇ ಹೊರಡುತ್ತಿರಲಿಲ್ಲ. ಉಳಿದವರು ಹೆದರಿ ನೆಲ ನೋಡುತ್ತಿದ್ದರು. ಸಂಜಯ ನನ್ನ ಕಡೆ ತಿರುಗಿ, "ಆಜ್ ಆಪ್ ಗಾಯಿಯೇ," ಎಂದ, ಇವತ್ತು ನೀವು ಹಾಡಿ ಎಂದು.

ಊಟ ಹಂಚಿ ಹೋಗೋಣ ಎಂದೆ. ಅವನು ಕೇಳಲಿಲ್ಲ. ಒಂದೇ ಹಾಡು ಎಂದು ಕೈಮುಗಿದ. ಸಂಜಯನ ಮೇಲೆ, ಚೀಲದವನ ಮೇಲೆ, ಲಾಠಿಯವನ ಮೇಲೆ, ನಾಳೆಯ ಆರಾಧನೆಯ ಮೇಲೆ, ನನಗೆ ಎಲ್ಲರ ಮೇಲೂ ರೋಷ ಉಕ್ಕಿತು. ಹಾಡು ಬೇಕಲ್ಲವೇ, ತಗೊಳ್ಳಿ ಎಂದು ಆಲ್ಟೋ ಶುರುಮಾಡಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಭೆಗಳಲ್ಲಿ ಒಂದೇ ಹಾಡನ್ನು ನಾಲ್ಕು ದನಿಗಳಲ್ಲಿ ಹಾಡುವುದು ವಾಡಿಕೆ. ಕೇಳುವವರಿಗೆ ಗುರುತು ಸಿಗುವ ರಾಗ ಮೇಲಿನ ದನಿಯದು. ಹೆಂಗಸರ ಎರಡನೆಯ ದನಿ ಆಲ್ಟೋ. ಅದು ಅಡುಗೆಮನೆಯವಳಂತೆ, ಊಟಕ್ಕೆ ಬೇಕು, ಪಂಕ್ತಿಯಲ್ಲಿ ಕಾಣುವುದಿಲ್ಲ. ಅದನ್ನೊಂದನ್ನೇ ಹಾಡಿದರೆ ರಾಗವೇ ಅಲ್ಲ, ಯಾರೋ ಒಂದೇ ಮೆಟ್ಟಿಲು ಹತ್ತಿ ಇಳಿದ ಹಾಗೆ. ಅಂಥದ್ದನ್ನು ಹಾಡಿ ಅವರ ತಲೆ ಚಿಟ್ಟು ಹಿಡಿಸಬೇಕೆಂದೇ ನನ್ನ ಉದ್ದೇಶವಾಗಿತ್ತು. ಬಾಯಿಗೆ ಬಂದದ್ದು ಅಪ್ಪ ತಾವೇ ಕಟ್ಟಿದ್ದ ಸಂಜೆಯ ಹಾಡು. "ಹೊತ್ತು ಮುಳುಗಿತು ಕರ್ತನೇ, ಹೊರಗೆ ಯಾರೂ ಉಳಿಯದಿರಲಿ" ಎಂದು ಅದರ ಮೊದಲ ಸಾಲು. ಅದು ಯಾವ ಪುಸ್ತಕದಲ್ಲೂ ಇಲ್ಲ, ಚರ್ಚಿನಲ್ಲೂ ಹಾಡಿದ್ದಿಲ್ಲ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ನಾವು ನಾಲ್ವರೇ ಹಾಡುತ್ತಿದ್ದೆವು. ಅವ್ವನದು ರಾಗ, ನನ್ನದು ಆಲ್ಟೋ, ಅಪ್ಪನದು ಗಂಡಸರ ಮೇಲಿನ ದನಿ ಟೆನರ್, ಎಲ್ಲಕ್ಕಿಂತ ಕೆಳಗಿನ ಬೇಸ್ ಆನಂದನದು.

ಮೊದಲ ಸಾಲು ಒಬ್ಬಳೇ ಹಾಡಿದೆ. ಯಾರೋ ಕಿಸಕ್ಕೆಂದರು. ಎರಡನೆಯ ಸಾಲಿಗೆ ಸೇತುವೆಯ ಕಂಬದ ಆಚೆಯಿಂದ ಒಂದು ಗಂಡು ದನಿ ಸೇರಿಕೊಂಡಿತು. ತಗ್ಗು ದನಿ, ಸ್ವಲ್ಪ ಒಡಕು, ಆದರೆ ಮಾತು ಸ್ಪಷ್ಟವಾಗಿ ಕನ್ನಡ. ಹಾಡುತ್ತಿದ್ದದ್ದು ಬೇಸ್.

ಸಂಜಯನೇ ಗುನುಗುತ್ತಿದ್ದಾನೆ ಎಂದು ಮೊದಲು ಅಂದುಕೊಂಡೆ. ಅವನ ಬಾಯಿ ಮುಚ್ಚಿತ್ತು, ಅವನೂ ಕಂಬದ ಕಡೆಗೇ ನೋಡುತ್ತಿದ್ದ. ಆದರೂ ನಾನು ನಿಲ್ಲಿಸಲಿಲ್ಲ. ಹಾಡಿನ ನಡುವೆ ನಿಲ್ಲುವವರಿಗೆ ಅಪ್ಪ ಪೆನ್ಸಿಲಿನಿಂದ ಬೆರಳಿಗೆ ಹೊಡೆಯುತ್ತಿದ್ದರು, ಆ ಭಯ ಇನ್ನೂ ಹೋಗಿಲ್ಲ. "ಎಲ್ಲರೂ ಮನೆಗೆ ಬರಲಿ" ಎಂಬ ಕಡೆಯ ಸಾಲು ಬಂತು. ಅಪ್ಪ ಬರೆದ ಪ್ರಕಾರ ಅಲ್ಲಿ ಬೇಸ್ ಕೆಳಗಿನ ಷಡ್ಜಕ್ಕೆ ಇಳಿಯಬೇಕು, ಆಗಲೇ ಹಾಡು ಮುಗಿದಂತೆ. ಆನಂದ ಎಂದೂ ಇಳಿಯುತ್ತಿರಲಿಲ್ಲ. ಮೇಲಿನ ಪಂಚಮದಲ್ಲಿಯೇ ನಿಂತುಬಿಡುತ್ತಿದ್ದ. "ಮನೀಗೆ ಬಾ ಅಂದ್ರ ಬಾಗಲದಾಗ ನಿಂತೀಯಲ್ಲೋ," ಎಂದು ಅಪ್ಪ ಬೈದೂ ಬೈದೂ ಸೋತಿದ್ದರು. ಸೇತುವೆಯ ಕೆಳಗಿನ ದನಿಯೂ ಇಳಿಯಲಿಲ್ಲ. ಪಂಚಮದಲ್ಲಿ ನಿಂತು, ಅಲ್ಲಿಯೇ ಸುಮ್ಮನಾಯಿತು.

ನಾನು "ಆನಂದಾ" ಎಂದು ಕಿರುಚಿ ಕಂಬದ ಹಿಂದೆ ಓಡಿದೆ. ಮಗುವನ್ನು ತಬ್ಬಿ ಮಲಗಿದ್ದ ಒಬ್ಬಳು ಹೆಂಗಸು, ಬೀಡಿ ಸೇದುತ್ತಿದ್ದ ಇಬ್ಬರು ಯುವಕರು, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬ, ಮತ್ತೆ ಮಿಲಿಟರಿ. ಅವರೆಲ್ಲ ನನಗೆ ಗೊತ್ತಿದ್ದ ಮುಖಗಳೇ. ಯಾರ್ರೀ ಹಾಡಿದ್ದು, ಯಾರಿಗೆ ಕನ್ನಡ ಬರ್ತದ ಎಂದು ಒಬ್ಬೊಬ್ಬರ ಭುಜ ಹಿಡಿದು ಕೇಳಿದೆ. ಅವರು ಹೆದರಿ ಹಿಂದೆ ಸರಿದರು. ಮಿಲಿಟರಿ ಮಾತ್ರ ನನ್ನನ್ನು ನೆಟ್ಟಗೆ ನೋಡಿ, "ಚಿಲ್ಲಾತೀ ಕ್ಯೋಂ ಹೈ? ತೂ ಹೀ ತೋ ಗಾ ರಹೀ ಥೀ. ದೋನೋ ಆವಾಜ್ ಮೇಂ," ಎಂದ. ಯಾಕೆ ಕಿರುಚುತ್ತೀ, ನೀನೇ ಹಾಡುತ್ತಿದ್ದೆಯಲ್ಲ, ಎರಡೂ ದನಿಯಲ್ಲಿ ಎಂದು. ಎಂದೂ ಲೇವಡಿಯಿಲ್ಲದೆ ಮಾತಾಡದ ಆ ಮನುಷ್ಯನ ಮುಖದಲ್ಲಿ ಆಗ ಲೇವಡಿಯಿರಲಿಲ್ಲ.

ಸಂಜಯ ಮೊಣಕಾಲೂರಿ, ಚಮತ್ಕಾರ, ಚಮತ್ಕಾರ ಎಂದು ಅಳಲು ಶುರುಮಾಡಿದ್ದ. ಬಾಯಿ ಮುಚ್ಚು ಎಂದು ಗದರಿದೆ. ಅಳುವುದು ಬಿಟ್ಟು, ನಿನಗೆ ಏನು ಕೇಳಿಸಿತೋ ಅದನ್ನು ಗಿಟಾರಿನಲ್ಲಿ ನುಡಿಸು ಎಂದೆ. ಅವನ ಕಿವಿ ಒಳ್ಳೆಯದು, ಅದನ್ನು ಒಪ್ಪಲೇಬೇಕು. ದಪ್ಪ ತಂತಿಯ ಮೇಲೆ ಒಂದೊಂದೇ ಸ್ವರ ತೆಗೆದ. ಅದು ಆನಂದನ ಬೇಸೇ. ಕಡೆಯ ಸ್ವರ ಪಂಚಮ. ಅಲ್ಲಿಗೆ, ನನ್ನ ತಲೆ ಕೆಟ್ಟಿತ್ತು ಎಂದು ಹೇಳಿಕೊಳ್ಳುವ ಅನುಕೂಲವೂ ನನಗೆ ತಪ್ಪಿತು.

ಆಮೇಲೆ ಎಷ್ಟೋ ತರ್ಕ ಮಾಡಿದ್ದೇನೆ. ಸೇತುವೆಯ ಪ್ರತಿಧ್ವನಿ ಎಂದುಕೊಳ್ಳೋಣವೆಂದರೆ, ಪ್ರತಿಧ್ವನಿ ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ, ಬೇರೆ ಸ್ವರ ಕೊಡುವುದಿಲ್ಲ. ಆನಂದ ಅಲ್ಲೇ ಇದ್ದು, ನಮ್ಮ ಕಣ್ಣಿಗೆ ಬೀಳಬಾರದೆಂದು ಜನರ ನಡುವೆ ಜಾರಿಕೊಂಡನೆ? ಆ ಕಂಬದ ಹಿಂದೆ ಗೋಡೆ, ದಾರಿಯಿಲ್ಲ. ಎಂದೋ ಅಲ್ಲಿ ಮಲಗಿ ಹೋದ ಆನಂದ ಯಾರಿಗಾದರೂ ಆ ಹಾಡು ಕಲಿಸಿದ್ದನೆ? ಹಾಗಾದರೆ ಅವರು ಯಾಕೆ ಬಾಯಿ ಬಿಡಲಿಲ್ಲ? ಮುಂದಿನ ಎಷ್ಟೋ ವಾರ ಅವನ ಫೋಟೋ ಹಿಡಿದು ಆ ಜಾಗವನ್ನೆಲ್ಲ ಜಾಲಾಡಿದೆ. ಏನೂ ಸಿಗಲಿಲ್ಲ.

ಆ ಸಂಜೆ ಲೋಕಲ್ ಹಿಡಿದು ಮನೆಗೆ ಬಂದಾಗ ಅವ್ವ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮರುದಿನಕ್ಕೆಂದು ಇಸ್ತ್ರಿ ಮಾಡಿಟ್ಟ ಬಿಳಿ ಸೀರೆಯಿತ್ತು. ದಾರಿಯುದ್ದಕ್ಕೂ ಹೇಳಬೇಕೋ ಬೇಡವೋ ಎಂದು ಒದ್ದಾಡಿದ್ದೆ. ಹೇಳಿದರೆ ಅವಳು ಮತ್ತೆ ಕಾಯುತ್ತಾಳೆ, ಹೇಳದಿದ್ದರೆ ನಾಳೆ ಮಗನ ಸಾವಿಗೆ ಹೂವಿಡುತ್ತಾಳೆ. ಅವಳು ನನ್ನ ಮುಖ ನೋಡಿದೊಡನೆ ಬಾಯಿ ತಡೆಯಲಿಲ್ಲ, ಪಂಚಮದ ತನಕ ಎಲ್ಲ ಹೇಳಿದೆ. ಅಳುತ್ತಾಳೆ ಅಥವಾ ಸ್ತೋತ್ರ ಹೇಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ.

"ಉಂಡನೇನು?" ಎಂದಳು.

"ಯಾರವ್ವಾ?"

"ಹಾಡಿದಂವ."

ಆ ಗದ್ದಲದಲ್ಲಿ ಪೊಟ್ಟಣಗಳೆಲ್ಲ ಖಾಲಿಯಾಗಿದ್ದವು, ಯಾರ ಕೈಗೆ ಯಾವುದು ಹೋಯಿತು ಎಂದು ಯಾರೂ ನೋಡಿರಲಿಲ್ಲ. ಗೊತ್ತಿಲ್ಲವ್ವಾ ಎಂದೆ. ಅವಳು ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. "ಅಯ್ಯನವರಿಗೆ ಫೋನ್ ಮಾಡಿ ನಾಳಿಂದು ಬ್ಯಾಡ ಅಂತ ಹೇಳು," ಎಂದಳು.

ನಾನು ಫೋನ್ ಮಾಡಿದೆ. ಆನಂದನ ಸ್ಮರಣೆಯ ಆರಾಧನೆ ಅಂದೂ ಆಗಲಿಲ್ಲ, ಇಂದಿಗೂ ಆಗಿಲ್ಲ. ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ಶನಿವಾರ ನಾನು ಈಗಲೂ ಕಲ್ಯಾಣಿಗೆ ಹೋಗುತ್ತೇನೆ. ಸಂಜಯ ಈಗಲೂ ಅಳುತ್ತಾನೆ, ಅವನನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ. ಆ ಹಾಡನ್ನು ಇನ್ನೊಮ್ಮೆ ಹಾಡಿ ಎಂದು ಅವನು ಕೇಳದ ವರ್ಷವಿಲ್ಲ. ನಾನು ಹಾಡುವುದಿಲ್ಲ. ಆ ದನಿ ಯಾರದು, ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲ, ದೇವರದ್ದೆಂದು ಹೇಳುವ ನಂಬಿಕೆಯೂ ನನಗಿಲ್ಲ. ಆದರೆ ಒಂದು ಸಂಜೆ ನಾನು ಪೂರ್ತಿ ಹಾಡಿ ಮುಗಿಸಿ, ಕಂಬದ ಆಚೆಯಿಂದ ಏನೂ ಕೇಳಿಸದೇ ಹೋದರೆ, ಅಣ್ಣ ಸತ್ತಿದ್ದಾನೆಂದು ನಾನು ಒಪ್ಪಬೇಕಾಗುತ್ತದೆ. ಅದು ನನ್ನಿಂದಾಗದು.