ಬಿಸಿಗಾಳಿಯ ಮೂಲ ಹುಡುಕಿದ ಮೇಷ್ಟ್ರು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡದ ರಸ್ತೆಗಳಲ್ಲಿ ಓಡಾಡುವ ಜೀಪು, ಪಿಕಪ್ಪು, ಲಾರಿಗಳ ಪೈಕಿ ಶ್ರೀ ಮಲ್ಲಿಕಾರ್ಜುನಪ್ಪನವರ ಕೈಯಲ್ಲೋ ಅವರ ಶಿಷ್ಯರ ಕೈಯಲ್ಲೋ ಒಮ್ಮೆಯಾದರೂ ರಿಪೇರಿಯಾಗದ ಗಾಡಿ ಸಿಗುವುದು ಕಷ್ಟ. ನಮ್ಮ ತಾಂತ್ರಿಕ ತರಬೇತಿ ಕೇಂದ್ರದ ಮೋಟಾರು ವಾಹನ ವಿಭಾಗಕ್ಕೆ ತರುಣರಾಗಿ ಬಂದು, ಅದರ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಒಂದು ತಲೆಮಾರಿನ ಮೆಕ್ಯಾನಿಕ್ಕುಗಳಿಗೆ ಕಸುಬನ್ನೂ ಕಸುಬಿನ ಮರ್ಯಾದೆಯನ್ನೂ ಕಲಿಸಿದವರು. ಅವರ ಶಿಷ್ಯೆಯಾಗಿ ಒಳಬಂದು ಆಮೇಲೆ ಅದೇ ವಿಭಾಗದಲ್ಲಿ ಸಹೋದ್ಯೋಗಿಯಾದ ನನಗೆ ಈ ಅಭಿನಂದನಾ ಸಂಪುಟದಲ್ಲಿ ಅವರ ಬಗ್ಗೆ ಬರೆಯುವ ಅವಕಾಶ ದೊರೆತದ್ದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ.

ನಾನು ಡೀಸೆಲ್ ಮೆಕ್ಯಾನಿಕ್ ತರಗತಿಗೆ ಸೇರಿದ್ದು ೧೯೯೩ರಲ್ಲಿ. ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ಮಾರ್ಕೆಟ್ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ನನ್ನ ತಂದೆ ಗಂಗಾಧರಪ್ಪನವರು, ನಾನು ಹಟ ಹಿಡಿದಿದ್ದಕ್ಕೆ ಒಪ್ಪಿದ್ದರೇ ಹೊರತು ಮನಸ್ಸಿನಿಂದ ಒಪ್ಪಿರಲಿಲ್ಲ. ಕೆಲವೇ ವಾರಗಳಲ್ಲಿ, ನೆಂಟರ ಮಾತು ಕೇಳಲಾರದೆ, ನನ್ನ ಹೆಸರು ತೆಗೆಸಲು ಅಂಗಡಿಯ ವ್ಯಾನಿನಲ್ಲಿ ಬಂದರು.

"ಹುಡುಗಿ ಇದನ್ನ ಕಲಿತು ಯಾರ ಗಾಡಿ ರಿಪೇರಿ ಮಾಡ್ಬೇಕು ಮೇಷ್ಟ್ರೆ?" ಎಂದು ಕೇಳಿದರು.

"ಮೊದಲು ನಿಮ್ಮದು," ಎಂದರು ಮಲ್ಲಿಕಾರ್ಜುನಪ್ಪನವರು. "ಗೇಟಿನ ಒಳಗೆ ಬರುವಾಗ ಕಪ್ಪು ಹೊಗೆ ಬಿಡ್ತಾ ಇತ್ತು. ಇವತ್ತು ಬಿಟ್ಟು ಹೋಗಿ, ನಿಮ್ಮ ಮಗಳೇ ನೋಡ್ತಾಳೆ."

ಅಪ್ಪ ಬಸ್ಸಿನಲ್ಲಿ ಮನೆಗೆ ಹೋದರು. ಮುಚ್ಚಿಹೋಗಿದ್ದ ಏರ್ ಫಿಲ್ಟರನ್ನೂ ಡೀಸೆಲ್ ಚಿಮ್ಮಿಸುವ, ಹಾಳಾಗಿದ್ದ ನಾಝಲನ್ನೂ ಸರ್ ಪಕ್ಕದಲ್ಲಿ ನಿಂತು ನನ್ನ ಕೈಯಿಂದಲೇ ಬದಲು ಮಾಡಿಸಿದರು. ಮತ್ತೆಂದೂ ನನ್ನ ಹೆಸರು ತೆಗೆಸುವ ಮಾತು ಮನೆಯಲ್ಲಿ ಬರಲಿಲ್ಲ. ಶೆಡ್ಡಿನಲ್ಲಿ ಹುಡುಗರು ಗೇರ್‌ಬಾಕ್ಸ್ ಇಳಿಸುವಾಗ ನನಗೆ ಬರವಣಿಗೆಯ ಕೆಲಸ ಹಚ್ಚುತ್ತಿದ್ದರು. ಅದನ್ನು ಕಂಡ ದಿನ ಸರ್ ಏನೂ ಬೈಯಲಿಲ್ಲ, ನನ್ನ ಕೈಯಲ್ಲಿದ್ದ ಪೆನ್ನು ಒಬ್ಬ ಹುಡುಗನಿಗೆ ಕೊಟ್ಟು, ಅವನ ಕೈಯಲ್ಲಿದ್ದ ಸ್ಪ್ಯಾನರ್ ನನಗೆ ಕೊಟ್ಟರು.

ಅವರು ಕಲಿಸುತ್ತಿದ್ದ ರೀತಿ ಬೇರೆಯೇ. ಯಾವ ಗಾಡಿ ಬಂದರೂ ತಕ್ಷಣ ಬಿಚ್ಚಲು ಬಿಡುತ್ತಿರಲಿಲ್ಲ. ಮೊದಲು ಓಡಿಸಿದವನ ಮಾತು ಪೂರ್ತಿ ಕೇಳಬೇಕು, ಆಮೇಲೆ ಮೂಸಿ, ಮುಟ್ಟಿ, ಕಿವಿಗೊಟ್ಟು ನೋಡಬೇಕು, ಕೊನೆಗೆ ಬೋಲ್ಟಿಗೆ ಕೈ ಹಾಕಬೇಕು. ಆತುರ ಪಟ್ಟವರ ಮೇಲೆ ಸಿಟ್ಟು ಮಾಡುತ್ತಿದ್ದರು. ಆ ಸಿಟ್ಟು ಸಣ್ಣದೇನೂ ಅಲ್ಲ. ಅದನ್ನು ಅನುಭವಿಸಿದವರು ಈ ಸಂಪುಟದ ತುಂಬ ಇದ್ದಾರೆ.

ಇಷ್ಟು ಹೇಳಿದ ಮೇಲೆ, ೨೦೦೧ರ ಮಳೆಗಾಲದಲ್ಲಿ ನಡೆದ ಒಂದು ಪ್ರಸಂಗವನ್ನು ವಿವರವಾಗಿ ಹೇಳಬೇಕೆನಿಸುತ್ತದೆ. ಅವರ ವಿದ್ಯೆ, ಧೈರ್ಯ, ದಾಕ್ಷಿಣ್ಯ ಮೂರನ್ನೂ ನಾನು ಒಟ್ಟಿಗೆ ಕಂಡದ್ದು ಆಗಲೇ. ಆ ಹೊತ್ತಿಗೆ ನಾನು ಅವರ ಕೈಕೆಳಗೆ ಕಿರಿಯ ಬೋಧಕಿಯಾಗಿದ್ದೆ.

ಮಲ್ಲಂದೂರಿನ ಕಾಫಿ ಬೆಳೆಗಾರರಾದ ಚನ್ನಕೇಶವ ಗೌಡರು ಆಗಷ್ಟೇ ಎರಡು ಸಾಲು ಸೀಟಿನ ಒಂದು ಪಿಕಪ್ ಕೊಂಡಿದ್ದರು. ಯಾರೋ ಕೆಲವು ವರ್ಷ ಓಡಿಸಿದ್ದ ಗಾಡಿ, ಆದರೆ ಹೀಟರೂ ಏಸಿಯೂ ಇತ್ತು. ಆ ಕಾಲಕ್ಕೆ ನಮ್ಮ ಕಡೆ ಅದು ಅಪರೂಪ. ಚಾಲಕ ಕೆಂಚಯ್ಯ ಅವರ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಬೆಳೆದವನು. ನಮ್ಮ ಕೇಂದ್ರದ ಚಾಲಕರ ತರಬೇತಿಯಲ್ಲಿ ಸರ್ ಹತ್ತಿರವೇ ಕಲಿತಿದ್ದ.

ಜುಲೈ ತಿಂಗಳಲ್ಲಿ ಗೌಡರ ತಾಯಿ ತಿಮ್ಮಮ್ಮನವರನ್ನು ಕಳಸದ ಮಗಳ ಮನೆಯಿಂದ ಕರೆತರುವಾಗ, ಕೊಟ್ಟಿಗೆಹಾರ ಇನ್ನೂ ದೂರವಿದ್ದ ಒಂದು ತಿರುವಿನಲ್ಲಿ ಪಿಕಪ್ ರಸ್ತೆ ಬಿಟ್ಟು ಚರಂಡಿಗಿಳಿದು ಪಕ್ಕದ ಮಣ್ಣಿನ ಧರೆಗೆ ಗುದ್ದಿತು. ಕೆಂಚಯ್ಯನ ಹಣೆ ಒಡೆಯಿತು, ತಿಮ್ಮಮ್ಮನವರ ಬಲಗೈ ಮೂಳೆ ಮುರಿಯಿತು. ಸಹಾಯಕ್ಕೆ ಓಡಿಬಂದವರು ಬಾಗಿಲು ತೆಗೆದಾಗ ಒಳಗೆಲ್ಲ ಸಿಹಿಸಿಹಿಯಾದ ಒಂದು ವಾಸನೆ ತುಂಬಿತ್ತು. ಚಾಲಕ ತೂರಾಡುತ್ತ ಇಳಿದ. ತಲೆಗೆ ಪೆಟ್ಟು ಬಿದ್ದವನು ತೂರಾಡದೆ ಏನು ಮಾಡಿಯಾನು? ಆದರೆ ವಾಸನೆಗೂ ತೂರಾಟಕ್ಕೂ ಗಂಟು ಹಾಕಿ ಯಾರೋ "ಕುಡಿದಿದಾನೆ" ಎಂದರು. ಆ ಮಾತು ಗಾಡಿಗಿಂತ ಮೊದಲು ಮಲ್ಲಂದೂರು ತಲುಪಿತು.

ತಾಯಿಯ ಸ್ಥಿತಿ ಕಂಡು ಗೌಡರಿಗೆ ಬೇರೆ ಯೋಚನೆ ಬರಲಿಲ್ಲ. ಕೆಂಚಯ್ಯನನ್ನು ಕೆಲಸದಿಂದ ಬಿಡಿಸಿ, ತಿಂಗಳ ಕೊನೆಗೆ ಲೈನ್ ಮನೆ ಖಾಲಿ ಮಾಡಲು ಹೇಳಿದರು. ಕುಡಿದು ಗಾಡಿ ಬೀಳಿಸಿದವನೆಂಬ ಹೆಸರು ಬಂದ ಮೇಲೆ ಬೇರೆ ಯಾವ ಎಸ್ಟೇಟಿನವರೂ ಅವನ ಕೈಗೆ ಕೀಲಿ ಕೊಡುವಂತಿರಲಿಲ್ಲ.

ಹಣೆಗೆ ಪಟ್ಟಿ ಕಟ್ಟಿಕೊಂಡೇ ಅವನು ನಮ್ಮ ಶೆಡ್ಡಿಗೆ ಬಂದ.

"ನಾನು ಕುಡಿದಿಲ್ಲ ಅಂದ್ರೆ ಯಾರೂ ನಂಬಲ್ಲ ಸರ್. ನೀವು ಗಾಡಿ ಒಂದ್ಸಲ ನೋಡಿ."

"ನೀನು ಕುಡಿದಿದ್ದೆಯೋ ಇಲ್ಲವೋ ಅಂತ ಗಾಡಿ ನೋಡಿ ಹೇಳೋಕಾಗಲ್ಲ ಕೆಂಚಯ್ಯ," ಎಂದರು ಸರ್. "ಗಾಡಿಗೆ ಏನಾಗಿತ್ತು ಅಂತ ಮಾತ್ರ ಹೇಳಬಲ್ಲೆ. ನಿನಗೆ ಅನುಕೂಲ ಆಗಲಿ ಬಿಡಲಿ, ಇರೋದನ್ನೇ ಹೇಳ್ತೀನಿ. ಒಪ್ಪಿಗೆಯಾ?"

"ಒಪ್ಪಿಗೆ ಸರ್."

"ಹಾಗಾದರೆ ಕೂತ್ಕೋ. ಮೊದಲಿಂದ ಹೇಳು."

ಕೆಂಚಯ್ಯ ಹೇಳಿದ್ದಿಷ್ಟು. ಬೇಸಿಗೆಯಿಂದಲೇ ಗಾಡಿಯ ತಂಪು-ಬಿಸಿ ಹತೋಟಿಯಲ್ಲಿರಲಿಲ್ಲ. ಗುಬುಟನ್ನು ಪೂರ್ತಿ ತಂಪಿನ ಕಡೆ ತಿರುಗಿಸಿದರೂ ಬಿಸಿಗಾಳಿಯೇ ಬರುತ್ತಿತ್ತು. ಗೌಡರಿಗೆ ಹೇಳಿದಾಗ ಅವರು ಪೇಟೆಯ ಗ್ಯಾರೇಜಿಗೆ ಕಳಿಸಿದ್ದರು. ಅಲ್ಲಿ ಏಸಿಗೆ ಗ್ಯಾಸು ತುಂಬಿದರು. ತಂಪಾಗಲಿಲ್ಲ. ಮತ್ತೆ ಕಳಿಸಿದಾಗ ಮತ್ತೆ ಗ್ಯಾಸು ತುಂಬಿದರು. ಮಳೆ ಹಿಡಿದ ಮೇಲೆ ಒಳಗಿನ ಗಾಜು ಮಬ್ಬಾಗತೊಡಗಿತು. ಬಟ್ಟೆಯಿಂದ ಒರೆಸಿದರೆ ಇನ್ನಷ್ಟು ಮಬ್ಬಾಗುತ್ತಿತ್ತು. ಅವತ್ತು ತಿರುವಿನಲ್ಲಿ ಎದುರು ಬಸ್ಸಿನ ಬೆಳಕು ಬಿದ್ದದ್ದೇ ಗಾಜೆಲ್ಲ ಹಾಲು ಬಳಿದಂತಾಗಿ ರಸ್ತೆಯೇ ಕಾಣಲಿಲ್ಲ.

ಸರ್ ಎದ್ದು ನನ್ನನ್ನೂ ಕರೆದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದರು. ಚನ್ನಕೇಶವ ಗೌಡರು ನಮ್ಮ ಕೇಂದ್ರದ ಸಲಹಾ ಸಮಿತಿಯ ಹಿರಿಯ ಸದಸ್ಯರು. ನಮ್ಮ ಶೆಡ್ಡಿನ ಲಿಫ್ಟು ಅವರ ಕೊಡುಗೆ. "ಅವರ ಮನೆ ವಿಷಯ, ನಮಗ್ಯಾಕೆ?" ಎಂದು ಅಂದಿನ ಪ್ರಾಂಶುಪಾಲರು ಹೇಳಿ ನೋಡಿದರು. ಸರ್ ಅವರ ಎದುರಿಗೇ ಫೋನು ಎತ್ತಿಕೊಂಡರು.

"ಗೌಡ್ರೆ, ಕೆಂಚಯ್ಯನ ವಿಷಯಕ್ಕೇ ಫೋನ್ ಮಾಡ್ತಿದೀನಿ. ಸುತ್ತಿ ಬಳಸಿ ಹೇಳಲ್ಲ. ನಿಮ್ಮ ಪಿಕಪ್ ನಮ್ಮ ಶೆಡ್ಡಿಗೆ ಕಳಿಸಿ. ನೋಡಬೇಕು."

ಆ ಕಡೆಯಿಂದ ಬಂದ ಮಾತು ನಮಗೆ ಕೇಳಿಸಲಿಲ್ಲ. ಸರ್ ಫೋನಿಟ್ಟು ನನಗೆ ಹೇಳಿದರು: "ಕಳಿಸ್ತಾರಂತೆ. ಏನೂ ಸಿಗದಿದ್ದರೆ ಇನ್ನೊಂದು ಸಲ ಈ ವಿಷಯ ಎತ್ತಬಾರದು ಅಂದ್ರು. ಆಗಲಿ ಅಂದೆ."

ಗಾಡಿಯ ಮೂತಿ ನಜ್ಜುಗುಜ್ಜಾಗಿತ್ತು, ಆದರೆ ಎಂಜಿನ್ನಿಗೂ ರೇಡಿಯೇಟರಿಗೂ ಪೆಟ್ಟಾಗಿರಲಿಲ್ಲ. ಸರ್ ಎಂಜಿನ್ ಚಾಲೂ ಮಾಡಿಸಿ, ಬಿಸಿಯೇರುವ ತನಕ ಕಾದು, ಗುಬುಟನ್ನು ಪೂರ್ತಿ ತಂಪಿಗೆ ತಿರುಗಿಸಿದರು. ಕೆಂಚಯ್ಯ ಹೇಳಿದಂತೆ ಬಿಸಿಗಾಳಿಯೇ ಬಂತು.

"ಭುವನಾ, ಹೀಟರಿಗೆ ಹೋಗೋ ಎರಡು ಹೋಸ್ ಪೈಪು ಮುಟ್ಟಿ ನೋಡಮ್ಮ."

ಮುಟ್ಟಿದೆ. ಎರಡೂ ಕೈ ಸುಡುವಷ್ಟು ಬಿಸಿಯಿದ್ದವು. ತಂಪಿಗೆ ತಿರುಗಿಸಿದಾಗ ಎಂಜಿನ್ನಿನ ಬಿಸಿನೀರು ಹೀಟರಿಗೆ ಹೋಗದಂತೆ ಒಂದು ವಾಲ್ವ್ ತಡೆಯಬೇಕು, ಆಗ ಆಚೆಯ ಪೈಪು ತಣ್ಣಗಾಗಬೇಕು. ಸರ್ ಗುಬುಟು ತಿರುಗಿಸುತ್ತ ಹೋದರು, ನಾನು ವಾಲ್ವನ್ನು ನೋಡುತ್ತ ನಿಂತೆ. ಕೇಬಲ್ಲಿನ ತುದಿ ಕ್ಲಿಪ್ಪಿನಿಂದ ಜಾರಿ ಸುಮ್ಮನೆ ಆಡುತ್ತಿತ್ತು, ವಾಲ್ವ್ ತೆರೆದೇ ಇದ್ದು ತುಕ್ಕು ಹಿಡಿದು ಕೂತಿತ್ತು. ಅಂದರೆ ಏಸಿಯಲ್ಲಿ ದೋಷವೇ ಇರಲಿಲ್ಲ. ಅದು ತಂಪು ಮಾಡಿದ ಗಾಳಿಯನ್ನೆಲ್ಲ ಹೀಟರು ಮತ್ತೆ ಕಾಯಿಸುತ್ತಿತ್ತು. ಎಷ್ಟು ಗ್ಯಾಸು ತುಂಬಿದರೂ ಏನು ಪ್ರಯೋಜನ?

ಅಷ್ಟಕ್ಕೆ ಅವರು ನಿಲ್ಲಿಸಲಿಲ್ಲ. ಎಡಗಡೆಯ ಮ್ಯಾಟ್ ಎತ್ತಿಸಿದರು. ಕೆಳಗೆ ಹಸಿರು ಬಣ್ಣದ ಅಂಟುನೀರು ನಿಂತಿತ್ತು. ತಮ್ಮ ಬಿಳಿ ಕರವಸ್ತ್ರದಿಂದ ಗಾಜಿನ ಒಳಮೈ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದರು. ಸಿಹಿ ವಾಸನೆ. ಎಂಜಿನ್ ತಂಪಿಡಲು ನೀರಿಗೆ ಬೆರೆಸುವ ಕೂಲೆಂಟಿನ ವಾಸನೆ ಅದು. ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ಪುಟ್ಟ ರೇಡಿಯೇಟರ್ ಎಲ್ಲೋ ತೂತಾಗಿ, ಆ ನೀರು ಆವಿಯಾಗಿ ಗಾಳಿಯ ಜೊತೆ ಬಂದು ಗಾಜಿಗೆ ಜಿಡ್ಡಾಗಿ ಹತ್ತುತ್ತಿತ್ತು.

"ಬಿಚ್ಚೋಣವಾ ಸರ್?" ಎಂದೆ.

"ಬೇಡ. ಬಿಚ್ಚಿದ ಮೇಲೆ ನಾವು ಹೇಳಿದ್ದನ್ನ ಗೌಡ್ರು ನಂಬಬೇಕಾಗುತ್ತೆ. ಬಿಚ್ಚೋ ಮೊದಲು ಅವರೇ ಕೂತು ನೋಡಲಿ."

ಮರುದಿನ ಗೌಡರು ಬಂದರು. ಆಸ್ಪತ್ರೆಗೆ ತೋರಿಸಲು ಹೊರಟಿದ್ದ ತಿಮ್ಮಮ್ಮನವರೂ ಕೈಗೆ ಪ್ಲಾಸ್ಟರು ಹಾಕಿಕೊಂಡು ಜೊತೆಗಿದ್ದರು. ಸರ್ ಗೌಡರನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಕಿಟಕಿಯೇರಿಸಿ, ಎಂಜಿನ್ ಚಾಲೂ ಮಾಡಿಸಿ, ಅದು ಬಿಸಿಯೇರಿದ ಮೇಲೆ ಗಾಳಿ ಹಾಕಿಸಿದರು. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ನೋಡುನೋಡುತ್ತಿದ್ದಂತೆ ಗಾಜು ಮಬ್ಬಾಯಿತು. ಗೌಡರು ವೈಪರ್ ಹಾಕಿದರು, ಪ್ರಯೋಜನವಾಗಲಿಲ್ಲ. ಅಂಗೈಯಿಂದ ಒರೆಸಿದರು, ಗಾಜೆಲ್ಲ ಮೆತ್ತಿಕೊಂಡಿತು. ಎದುರಿಗೆ ನಿಂತಿದ್ದ ನನಗೆ ಅವರ ಮುಖವೇ ಕಾಣಲಿಲ್ಲ, ಒಳಗಿದ್ದ ಅವರಿಗೂ ನಾನು ಕಂಡಿರಲಾರೆ.

ಅವರು ಬಾಗಿಲು ತೆಗೆದದ್ದೇ ವಾಸನೆ ಹೊರಬಂತು. ತಿಮ್ಮಮ್ಮನವರು ಹತ್ತಿರ ಬಂದರು.

"ಇದೇ ವಾಸನೆ ಕಣೋ ಅವತ್ತು. ಕಾಲಡಿ ಬೆಚ್ಚಗೆ ಒದ್ದೆನೂ ಆಗಿತ್ತು. ಕೆಂಚಯ್ಯಂಗೆ ಹೇಳ್ದೆ, ಮಳೆ ನೀರಿರಬೇಕು ಅಮ್ಮ ಅಂದ."

"ಇದನ್ನ ಅವತ್ತೇ ಹೇಳಬಾರದಿತ್ತಾ ಅಮ್ಮ?"

"ನನ್ನ ಕೈ ನೋವು ಎಲ್ರೂ ಕೇಳಿದ್ರು. ಗಾಡೀಲಿ ಏನಾಯ್ತು ಅಂತ ಯಾರು ಕೇಳಿದ್ರು? ಅವನು ಕುಡಿದಿರಲಿಲ್ಲ ಅಂದೆ. ಅಮ್ಮಂಗೆ ಅವನ ಮೇಲೆ ಪ್ರೀತಿ ಅಂದೆ ನೀನು."

ಗೌಡರು ಶೆಡ್ಡಿನ ಮೂಲೆಯಲ್ಲಿ ನಿಂತಿದ್ದ ಕೆಂಚಯ್ಯನ ಕಡೆ ತಿರುಗಿ, "ತಪ್ಪಾಯ್ತು ಮಾರಾಯ. ನಾಳೆಯಿಂದ ಕೆಲಸಕ್ಕೆ ಬಾ," ಎಂದರು.

ಕೆಂಚಯ್ಯನ ಕಣ್ಣು ತುಂಬಿತ್ತು. ಆದರೂ ಅವನು ತಟ್ಟನೆ ಹೂಂ ಅನ್ನಲಿಲ್ಲ. "ನೀವು ನನ್ನ ಬಿಡಿಸಿದ್ದು ಎಲ್ರ ಎದುರು ಗೌಡ್ರೆ. ಲೈನಿನ ಮಕ್ಕಳೂ ನನ್ನ ಮಗಳನ್ನ ಆಡ್ಕೊಳ್ತಾರೆ. ಇದನ್ನೂ ಎಲ್ರ ಎದುರೇ ಹೇಳಿದ್ರೆ ಬರ್ತೀನಿ."

ಗೌಡರು ಸರ್ ಮುಖ ನೋಡಿದರು. "ಅವನು ಕೇಳಿದ್ದು ನ್ಯಾಯ," ಎಂದರು ಸರ್.

ಮರುದಿನ ಬೆಳಿಗ್ಗೆ ಎಸ್ಟೇಟಿನಲ್ಲಿ ಹಾಜರಿಯ ಹೊತ್ತಿಗೆ, ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಆಳುಗಳೆಲ್ಲ ಸೇರಿದ್ದಾಗ ಚನ್ನಕೇಶವ ಗೌಡರು ನಡೆದದ್ದನ್ನು ಹೇಳಿ, ಕೆಂಚಯ್ಯ ಕುಡಿದಿರಲಿಲ್ಲ, ತಾವು ದುಡುಕಿದೆವು ಎಂದರು. ತಾವು ಆಡಿದ ಮಾತನ್ನು ತಾವೇ ನಿಂತು ಹಿಂದಕ್ಕೆ ಪಡೆದ ಅವರ ದೊಡ್ಡತನವನ್ನೂ ಇಲ್ಲಿ ನೆನೆಯಬೇಕು. ಕೇಂದ್ರದ ಮೇಲಿನ ಅವರ ವಿಶ್ವಾಸ ಅಂದಿನಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಆಮೇಲೆ ನಾವು ಹೀಟರ್ ಬಿಚ್ಚಿದೆವು. ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಹೊಸ ಹೀಟರು, ಹೊಸ ವಾಲ್ವ್ ಕೂರಿಸಿ, ಕೇಬಲ್ಲಿಗೆ ಸರಿಯಾದ ಕ್ಲಿಪ್ ಹಾಕಿದ ಮೇಲೆ ಗುಬುಟು ತಿರುಗಿಸಿದಂತೆ ತಂಪು, ಬಿಸಿ ಎರಡೂ ಬಂದವು.

ಗ್ಯಾಸು ತುಂಬಿದ್ದ ಗ್ಯಾರೇಜಿನ ಗುರುವಯ್ಯನವರ ಬಗ್ಗೆ ಊರಲ್ಲಿ ಮಾತು ಶುರುವಾಗಿತ್ತು. ಸರ್ ಆ ಮಾತಿಗೆ ಸೊಪ್ಪು ಹಾಕಲಿಲ್ಲ. "ಏಸಿ ಗಾಡಿ ನಮ್ಮ ಕಡೆ ಬಂದದ್ದೇ ನಿನ್ನೆ ಮೊನ್ನೆ. ಅವರಿಗೆ ಹೇಳಿಕೊಟ್ಟವರು ಯಾರು? ಅದು ನಮ್ಮ ಕೆಲಸವಾಗಿತ್ತು," ಎಂದು, ಭಾನುವಾರಗಳಂದು ಹೊರಗಿನ ಮೆಕ್ಯಾನಿಕ್ಕುಗಳಿಗಾಗಿ ಹೀಟರ್ ಮತ್ತು ಏಸಿಯ ತರಗತಿ ತೆರೆದರು. ತಾವೇ ಹೋಗಿ ಮೊದಲು ಕರೆದದ್ದು ಗುರುವಯ್ಯನವರನ್ನು. ಅವರು ಬಂದು ಮುಂದಿನ ಬೆಂಚಿನಲ್ಲೇ ಕೂತರು. ಮೂಡಿಗೆರೆ, ಕಳಸ, ಅತ್ತಿಗುಂಡಿಯಿಂದಲೂ ಜನ ಬಂದರು. ಪುಸ್ತಕದ ಇಂಗ್ಲಿಷು ಅರ್ಥವಾಗದವರಿಗೆ ಸರ್ ಚಾಕ್‌ಪೀಸು ಹಿಡಿದು ನೆಲದ ಮೇಲೆ ಚಿತ್ರ ಬರೆದು ಅಚ್ಚ ಕನ್ನಡದಲ್ಲಿ ಹೇಳುತ್ತಿದ್ದರು. ಆ ತರಗತಿಗಾಗಿ ಅವರು ಎಂದೂ ಸಂಭಾವನೆ ಪಡೆಯಲಿಲ್ಲ.

ಇಷ್ಟೆಲ್ಲ ಗಾಡಿಗಳ ತಂಪು-ಬಿಸಿ ಸರಿಪಡಿಸಿದ ನಮ್ಮ ಮೇಷ್ಟ್ರು ಸ್ವತಃ ಓಡಾಡಿದ್ದು ಹಳೆಯ ಸ್ಕೂಟರಿನಲ್ಲಿ, ಮಂಗನ ಟೋಪಿ ಹಾಕಿಕೊಂಡು. ಏಸಿ ಕಾರಿನಲ್ಲಿ ಕೂತರೆ ಅವರಿಗೆ ನೆಗಡಿಯಾಗುತ್ತದೆ.

ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಮೊನ್ನೆ ಕೇಳಿದಾಗ ಅವರ ಪತ್ನಿ ವಿಮಲಮ್ಮನವರೇ ಉತ್ತರ ಕೊಟ್ಟರು: "ಮನೇಲಿ ಕೂತ್ರೆ ಮಿಕ್ಸಿ, ಫ್ಯಾನು ಎಲ್ಲ ಬಿಚ್ಚಿ ಹಾಕ್ತಾರೆ. ಎಲ್ಲಿಗಾದ್ರೂ ಕರ್ಕೊಂಡು ಹೋಗಿ." ಆ ಚಿಂತೆ ಅವರಿಗೆ ಬೇಡ. ಕಳಸದಲ್ಲಿ ಹೆಣ್ಣುಮಕ್ಕಳಿಗೆಂದೇ ವಾಹನ ರಿಪೇರಿಯ ತರಗತಿಯೊಂದು ಬರುವ ತಿಂಗಳು ಶುರುವಾಗಲಿದೆ, ಅದನ್ನು ನಡೆಸಿಕೊಡಲು ಸರ್ ಒಪ್ಪಿದ್ದಾರೆ. ಹೆಸರು ಬರೆಸಿದವರು ಆಗಲೇ ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿದ್ದಾರೆ.

ಸರ್, ನಿಮಗೆ ಗಟ್ಟಿಮುಟ್ಟಾದ ಆರೋಗ್ಯವಿರಲಿ, ಕಿವಿ ಮೂಗು ಹೀಗೆಯೇ ಚುರುಕಾಗಿರಲಿ, ಸಿಟ್ಟೂ ಸ್ವಲ್ಪ ಉಳಿದಿರಲಿ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಎಲ್ಲರೂ ಹಾರೈಸುತ್ತಿದ್ದಾರೆ. ನಾನು ಹಾಗೆ ಹಾರೈಸಲಾರೆ. ಕಳಸದ ಶೆಡ್ಡಿನಲ್ಲಿ ಆ ಹುಡುಗಿಯರು ಬಾನೆಟ್ ಎತ್ತಿಟ್ಟುಕೊಂಡು ಕಾಯುತ್ತಿರುತ್ತಾರೆ. ಹೋಗಿ ಬನ್ನಿ.