ಬಾಲಚುಕ್ಕಿಯ ನೋಟಬುಕ್ಕು

ಇಳಕಲ್ಲಿನ ಚಶ್ಮಾದಂಗಡಿ ಅಮಾತೆಪ್ಪನವರಿಗೆ ಊರಿನ ಕಣ್ಣುಗಳೆಲ್ಲ ತಮ್ಮ ವಶದಲ್ಲಿವೆ ಎಂಬ ಜಂಬ. ಬಾಲಚುಕ್ಕಿ ಈ ಸಲ ಬರಿಗಣ್ಣಿಗೇ ಕಾಣುತ್ತದೆಂಬ ಸುದ್ದಿ ಬಂದದ್ದೇ ತಡ, ಐದು ದಿನಗಳಿಂದ ಹೊತ್ತು ಮುಳುಗುವ ಮೊದಲೇ ಅಂಗಡಿಯ ಬಾಗಿಲೆಳೆದು ಮನೆಯ ಮಾಳಿಗೆ ಹತ್ತುತ್ತಾರೆ. ಕೊರಳಲ್ಲಿ ದುರ್ಬೀನು, ಬಗಲಲ್ಲಿ ನೋಟಬುಕ್ಕು, ಮೂಗಿನ ಮೇಲೊಂದು ಚಶ್ಮಾ, ಹಣೆಯ ಮೇಲೊಂದು. "ಧೂಮಕೇತು ಕೇಡು ತರತೈತಂತಲ್ರಿ?" ಎಂದು ಓಣಿಯವರು ಕೇಳಿದರೆ, "ಅದಕ್ಕ ನಿಮ್ಮ ಓಣಿ ಎಲ್ಲೈತಿ ಅನ್ನೋದ ಗೊತ್ತಿಲ್ಲ, ಸುಮ್ನ ನೋಡ್ರಿ!" ಎಂದು ಗದರಿಸಿ, ಚುಕ್ಕಿ ಎಷ್ಟೆತ್ತರದಲ್ಲಿರಬೇಕೆಂದು ಕೈಚಾಚಿ ಮುಷ್ಟಿಯಿಂದ ಪಡುವಣ ಆಕಾಶ ಅಳೆಯುತ್ತಾರೆ. ಅಷ್ಟರಲ್ಲಿ ಹೆಂಡತಿ ಗುರುಲಿಂಗವ್ವ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಮಾಡುವ ಸಂಜೆಯ ಪೂಜೆ ಮುಗಿಸಿ, ಸಾವಕಾಶ ಮೆಟ್ಟಿಲೇರಿ ಬಂದು, ಚಶ್ಮಾ ಕಂಡರಿಯದ ಕಣ್ಣಿನಿಂದ ಒಮ್ಮೆ ನೋಡಿ, "ಅಲ್ಲೈತಲ್ರಿ, ಬೇವಿನಗಿಡದ ಮ್ಯಾಲ" ಎನ್ನುತ್ತಾಳೆ. "ನಾ ಆಗಳೇ ನೋಡೇನಿ!" ಎಂದು ಅಮಾತೆಪ್ಪನವರು ಓಣಿಗೆಲ್ಲ ಕೇಳುವಂತೆ ಸಾರಿ, ಗೋಡೆಯ ಕಡೆ ಹೊರಳಿ ನೋಟಬುಕ್ಕಿನಲ್ಲಿ ಬರೆಯುತ್ತಾರೆ. "ಏನ ಬರದ್ರಿ?" ಎಂದು ಆಕೆ ಇಣುಕಿದರೆ ಪುಟಕ್ಕೆ ಅಂಗೈ ಮುಚ್ಚಿ, "ವ್ಯಾಳೆ ಬರದೇನಿ, ನೀ ನಡಿ" ಎನ್ನುತ್ತಾರೆ. ಆ ಅಂಗೈಯ ಕೆಳಗೆ ಐದೂ ಸಂಜೆ ಒಂದೇ ಸಾಲು: ಮೊದಲು ನೋಡಿದವರು, ಗುರುಲಿಂಗವ್ವನವರು.